ಕೆಂಪಾದ ಉಪ್ಪು

ಶಾಲೆಗಳ ಬಿಸಿಯೂಟಕ್ಕೆ ಉಪ್ಪು ಒದಗಿಸುವ ಗುತ್ತಿಗೆ ಸಿಗಬೇಕಾದರೆ ಹಮ್ಮಣ್ಣ ನಾಯಕರ ಉಪ್ಪು ಪ್ರಯೋಗಾಲಯದಲ್ಲಿ ಪಾಸಾಗಬೇಕಿತ್ತು. ಅವರು ತಂದುಕೊಟ್ಟ ಉಪ್ಪನ್ನು ಅಲ್ಲಿನ ಪರೀಕ್ಷಕಿ ಶೈಲಜಾ ನೀರಿನಲ್ಲಿ ಕರಗಿಸಿ, ಗಾಜಿನ ನಳಿಕೆಗೆ ಸುರಿದು, ಮೇಲೆ ಎರಡು ಹನಿ ರಾಸಾಯನಿಕ ಬಿಟ್ಟಳು. ಬಣ್ಣ ಬಾರದಿದ್ದರೆ ಉಪ್ಪು ಶುದ್ಧ. ಕೆಂಪಾದಷ್ಟೂ ಅದರಲ್ಲಿ ಕಬ್ಬಿಣದ ಅಂಶ ಹೆಚ್ಚು.

ನೀರು ದಾಸವಾಳದ ಹಾಗೆ ಕೆಂಪಾಯಿತು.

“ಇನ್ನೊಂದ್ಸಲ ನೋಡಿ ಅಕ್ಕೋರೆ,” ಎಂದರು ಹಮ್ಮಣ್ಣ, ಬೆವರು ಒರೆಸಿಕೊಳ್ಳುತ್ತ.

ಅವಳಿಗೆ ಪಾಪ ಅನ್ನಿಸಿತು. ಬೇರೆ ನಳಿಕೆ ತೊಳೆದು ಮತ್ತೆ ಮಾಡಿದಳು. ಮತ್ತೂ ಕೆಂಪು.

“ಇದು ಪಾಸಾಗೂದಿಲ್ಲ ಹಮ್ಮಣ್ಣೋರೆ, ಮಕ್ಕಳು ತಿನ್ನೋದು. ನೀವು ಉಪ್ಪು ತೆಗೆಯೋ ಆಗರದಲ್ಲಿ ತುಕ್ಕು ಹಿಡಿದ ಸಲಿಕೆ ಇದ್ರೆ ಮೊದಲು ಬಿಸಾಕಿ.”

“ನಾವು ಉಪ್ಪು ಎಳಿಯೂದು ಮರದ ಹಲಗೆಯಿಂದ ಅಕ್ಕೋರೆ! ಕಬ್ಬಿಣ ಮುಟ್ಸೂದೇ ಇಲ್ಲ.”

“ಹಾಗಾದ್ರೆ ಇದು ಎಲ್ಲಿಂದ ಬಂತು?”

ಹಮ್ಮಣ್ಣ ಒಮ್ಮೆ ಬಾಗಿಲ ಕಡೆ ನೋಡಿ, ಕುರ್ಚಿ ಮುಂದಕ್ಕೆಳೆದುಕೊಂಡು, ದನಿ ತಗ್ಗಿಸಿದರು.

“ನಮ್ಮದು ಎಲ್ಲಿ ಫೇಲಾಗ್ತದೋ ಅಂತ ಹೆದರಿ, ಪೇಟೆಯಿಂದ ದುಬಾರಿ ಪ್ಯಾಕೆಟ್ ಉಪ್ಪು ತಂದು ಕೊಟ್ಟಿದ್ದೆ ಅಕ್ಕೋರೆ. ನಾಳೆ ನಮ್ಮದೇ ತರ್ಲಾ?”