ಬನಹಟ್ಟಿಯಿಂದ ತಿರುಗಿ ಬರುವ ದಾರಿ

“ದಾರಿ ಕೂಡೇತ್ರಿ, ಹಸಿರ ದೀಪ ಬಂದೈತಿ. ಆದ್ರ ಮಗ್ಗಕ್ಕ ಡಿಸೈನ್ ಬರವಲ್ದು,” ಎಂದಳು ಮಧುಮತಿ ಬನಹಟ್ಟಿಯಿಂದ.

ಮುಧೋಳದ ಆಫೀಸಿನಲ್ಲಿ ಸೋಮಲಿಂಗ ಸ್ಪೀಕರ್ ಬಂದ್ ಮಾಡಿ ಫೋನನ್ನು ಕಿವಿಗೆ ಒತ್ತಿಕೊಂಡ. ಸೀರೆ ಕಂಪನಿಯ ಕಂಪ್ಯೂಟರು, ನೆಟ್‌ವರ್ಕು ಎಲ್ಲ ಅವನ ಪಾಲಿನ ಕೆಲಸ. ಬನಹಟ್ಟಿ ಶೆಡ್ಡಿನ ಕಂಪ್ಯೂಟರ್ ಕೋಣೆ ಮಧುಮತಿಯದು. ಅವಳು ಅವನ ಹೆಂಡತಿಯೂ ಹೌದು, ಯುಗಾದಿಯಿಂದ ಅದೇ ಊರಿನ ತವರಿನಲ್ಲಿದ್ದಾಳೆ. ಹೊಟ್ಟೆಯಲ್ಲಿದ್ದದ್ದು ನಿಲ್ಲದೆ ಅವಳು ಆಸ್ಪತ್ರೆಯಿಂದ ಮನೆಗೆ ಬಂದ ಸಂಜೆ, ಈ ಪುಣ್ಯಾತ್ಮ ಸರ್ವರ್ ಕೆಟ್ಟಿದೆ ಎಂದು ಆಫೀಸಿಗೆ ಎದ್ದು ಹೋಗಿದ್ದ. ತವರಿಗೆ ಹೋದ ಮೇಲೆ ಅವಳು ಅವನ ಫೋನ್ ಎತ್ತಿರಲಿಲ್ಲ. ಇವತ್ತು ಎತ್ತಿದ್ದಳು, ಕಂಪನಿಯ ಕೆಲಸವೆಂದು.

ಕೆಲಸವೇನು ಮಹಾ ದೊಡ್ಡದಲ್ಲ. ಮುಧೋಳದಲ್ಲಿ ಬಿಡಿಸಿದ ಸೆರಗಿನ ಡಿಸೈನು ಇಂಟರ್ನೆಟ್ಟಿನೊಳಗೆ ಕಂಪನಿಯದೇ ಒಂದು ಖಾಸಗಿ ದಾರಿ ಹಿಡಿದು ಬನಹಟ್ಟಿಯ ಮಗ್ಗಕ್ಕೆ ನೇರವಾಗಿ ಇಳಿಯಬೇಕು. ಎರಡೂ ಊರಿನಲ್ಲಿ ಕಾವಲಿಗೆ ಒಂದೊಂದು ಫೈರ್‌ವಾಲ್ ಪೆಟ್ಟಿಗೆ. ದಾರಿ ಕೂಡಿತ್ತು, ಶೆಡ್ಡಿನ ಕಂಪ್ಯೂಟರ್ ಸಿಗುತ್ತಿತ್ತು. ಆದರೆ ಮಗ್ಗಗಳು ಬೇರೆಯೇ ನೆಟ್‌ವರ್ಕಿನಲ್ಲಿದ್ದವು. ಅವುಗಳ ತನಕ ಹೋಗುವ ದಾರಿಯನ್ನು ಇಲ್ಲಿಯ ಪೆಟ್ಟಿಗೆಗೂ, ತಿರುಗಿ ಬರುವ ದಾರಿಯನ್ನು ಅಲ್ಲಿಯ ಪೆಟ್ಟಿಗೆಗೂ ತಿಳಿಸಿದರೆ ಮುಗಿಯಿತು. ಇದು ಸೋಮಲಿಂಗನಿಗೆ ಬೆಳಿಗ್ಗೆಯೇ ಗೊತ್ತಿತ್ತು. ತನ್ನ ಕಡೆಯದನ್ನು ತೆರೆಯಲೂ ಇಲ್ಲ, ಅವಳಿಗೆ ಹೇಳಲೂ ಇಲ್ಲ. ಹೇಳಿದರೆ ಫೋನ್ ಇಟ್ಟುಬಿಡುತ್ತಾಳಲ್ಲ.

“ಒಮ್ಮೆ ಬಂದ್ ಮಾಡಿ ಚಾಲೂ ಮಾಡು,” ಎಂದ.

“ಆಗಲೇ ಮಾಡೇನ್ರಿ.”

“ಇನ್ನೊಮ್ಮೆ ಮಾಡು. ಅದು ಚಾಲೂ ಆಗೂತನ... ಊಟ ಆತೇನು?”

“ಚಾಲೂ ಆಗಾಕತ್ತೈತ್ರಿ.”

“ಗುಳಿಗಿ ತಗೋಳಾಕತ್ತಿಯಿಲ್ಲೋ?”

“ದೀಪ ಬಂತ್ರಿ. ಮುಂದ ಏನ್ ಮಾಡ್ಲಿ, ಹೇಳ್ರಿ.”

ಮಾಲೀಕ ಚನಮಲ್ಲಪ್ಪ ಬಾಯಿತುಂಬ ಎಲೆ-ಅಡಿಕೆ ಹಾಕಿಕೊಂಡು ಒಳಗೆ ಬಂದ. ಫೋನಿನ ಆಚೆ ಯಾರೆಂದು ಅವನಿಗೆ ಗೊತ್ತು. ಸೋಮಲಿಂಗ ಫೋನಿಗೆ ಅಂಗೈ ಅಡ್ಡ ಹಿಡಿದ.

“ಗಂಡ-ಹೆಂಡ್ತಿ ಜಗಳ ಉಂಡು ಮಲಗೂತನ ಅಂತಾರ. ನೀವಿಬ್ರೂ ಏನು ಉಪಾಸ ಬಿದ್ದೀರೇನಪಾ?” ಎಂದು ಚನಮಲ್ಲಪ್ಪ ದನಿ ತಗ್ಗಿಸಿದ. “ಈ ಕೆಲಸಾ ಜಮಖಂಡಿ ಹುಡುಗ್ರ ಕಡಿಂದ ಮಾಡಸ್ತಿದ್ದೆ. ಬೇಕಂತ ನಿನಗ ಕೊಟ್ಟೇನಿ. ಆ ಪೆಟ್ಟಿಗಿ ಸುದ್ದಿ ಸಾಕು. ಕೇಳೂದನ್ನ ಕೇಳಲೇ.”

ಸೋಮಲಿಂಗನಿಗೆ ನಾಚಿಕೆಯಾಯಿತು, ಸ್ವಲ್ಪ ಧೈರ್ಯವೂ ಬಂತು. ಮನೆಯಲ್ಲಿ ಒಂದೇ ತಾಟು, ಒಂದೇ ವಾಟಗಾ ತೊಳೆದು ತೊಳೆದು ಅವನಿಗೆ ಸಾಕಾಗಿತ್ತು. ಮನುಷ್ಯರ ದನಿ ಇರಲೆಂದು ಟೀವಿ ಹಚ್ಚಿಟ್ಟು ಉಣ್ಣುತ್ತಿದ್ದ. ಏನು ನೋಡಿದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅವಳು ಬರಬೇಕು. ಅವನಿಗೆ ಬೇಕಾದದ್ದು ಅಷ್ಟೇ.

“ಮಧು, ನಿನ್ನ ಕಡಿಂದ ಒಂದು ದಾರಿ ಹಾಕೂದೈತಿ ನೋಡು. ಮಗ್ಗದಿಂದ ತಿರುಗಿ...”

“ತಿರುಗಿ ಬರೂ ದಾರಿ ಹೌದಿಲ್ರಿ? ಅದನ್ನ ನಾ ಬೆಳಿಗ್ಗೇನ ಹಾಕೇನಿ. ಬಂದ್ ಇರೂದು ನಿಮ್ಮ ಕಡೀದು.”

ಸೋಮಲಿಂಗನ ಕೈ ಮೌಸಿನ ಮೇಲೆಯೇ ನಿಂತಿತು. ಹಾಗಾದರೆ ಇವಳಿಗೂ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಫೋನ್ ಇಟ್ಟಿರಲಿಲ್ಲ. ಅವನ ಎದೆ ಹಿಗ್ಗಿತು. ತನ್ನ ಕಡೆಯ ನಿಯಮ ಬರೆದು ಒತ್ತಿದ, ಡಿಸೈನ್ ಕಳಿಸಿದ. ಕಳಿಸುತ್ತಲೇ ಕೇಳಿಬಿಟ್ಟ:

“ಮನಿಗೆ ಯಾವಾಗ ಬರ್ತಿ?”

ಆಚೆ ಮಗ್ಗಗಳ ಸದ್ದು. ಅದರ ನಡುವೆ ಅವಳ ದನಿ, ಸಣ್ಣಗೆ.

“ಬೆಳಿಗ್ಗಿಂದ ಕಾದೇನ್ರಿ. ಊಟ ಕೇಳಿದ್ರಿ, ಗುಳಿಗಿ ಕೇಳಿದ್ರಿ. ಆ ಸಂಜೀದು ಒಂದ ಒಂದ್ ಮಾತು ಆಡಲಿಲ್ಲ. ನಾ ಒಬ್ಬಾಕೀನ ಕತ್ತಲದಾಗ ಕುಂತಿದ್ದೆ. ದೀಪಾ ಹಚ್ಚಾಕೂ ಏಳಾಕಾಗಿರಲಿಲ್ಲ.”

ತಪ್ಪಾತು ಎಂದಿದ್ದರೆ ಆಗುತ್ತಿತ್ತು. ಅಷ್ಟು ಸಣ್ಣ ಮಾತು. ಆದರೆ ಯಂತ್ರಗಳ ಜೊತೆಗೇ ಬಾಳುವವನಿಗೆ ಮೊದಲು ನೆನಪಾಗುವುದು ಕಾರಣ.

“ಅವತ್ತ ಖರೇನ ಸರ್ವರ್ ಕೆಟ್ಟಿತ್ತು, ಮಧು,” ಎಂದ ಅವನು.

ಅವಳು ಉಸಿರು ಬಿಟ್ಟದ್ದು ಮಗ್ಗಗಳ ಸದ್ದಿನ ನಡುವೆಯೂ ಕೇಳಿಸಿತು. ಆಮೇಲೆ, ಯಾವ ಗಿರಾಕಿಯ ಜೊತೆಗೂ ಆಡಬಹುದಾದ ದನಿಯಲ್ಲಿ ಹೇಳಿದಳು:

“ಡಿಸೈನ್ ಬಂತ್ರಿ. ಮಗ್ಗ ಚಾಲೂ ಆತು. ಥ್ಯಾಂಕ್ಸ್, ಸೋಮಲಿಂಗ ಸರ್.”

ಫೋನ್ ಕಟ್ಟಾಯಿತು.

ಅವಳು ಅವನನ್ನು ‘ರೀ’ ಎನ್ನುವುದು ಬಿಟ್ಟು ಬೇರೇನೂ ಕರೆದವಳಲ್ಲ. ಮದುವೆಯ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಒಡಪು ಕಟ್ಟಿ ಗಂಡನ ಹೆಸರು ಹೇಳು ಎಂದು ಪೀಡಿಸಿದಾಗ ನಾಚಿಕೆಯಿಂದ ಅತ್ತೇಬಿಟ್ಟಿದ್ದಳು. ರೇಷನ್ ಅಂಗಡಿಯವನು ಕೇಳಿದರೂ ಪಕ್ಕದ ಮನೆಯ ಅನಸವ್ವನ ಬಾಯಿಂದ ಹೇಳಿಸುತ್ತಿದ್ದಳು. ಅವಳ ತವರಿನಲ್ಲಿ ಹೆಂಗಸರು ಊರ ಗಂಡಸರ ಹೆಸರನ್ನೆಲ್ಲ ಸಲೀಸಾಗಿ ಹೇಳುತ್ತಾರೆ; ಕಟ್ಟಿಕೊಂಡವನ ಹೆಸರೊಂದನ್ನು ಬಿಟ್ಟು.

“ಏನಂದ್ಳೋ? ಬರ್ತಾಳಂತೇನು?” ಚನಮಲ್ಲಪ್ಪ ನಗುತ್ತ ಹತ್ತಿರ ಬಂದ.

ಸೋಮಲಿಂಗ ಫೋನನ್ನು ಮೇಜಿನ ಮೇಲೆ ಇಟ್ಟ.

“ನನ್ನ ಹೆಸರ ಹಿಡದ ಕರದ್ಳ್ರಿ,” ಎಂದ.