ಮಂಜಿನಲ್ಲಿ ತಂಗಿದ ಮಾತು

ಮಾಗಿಯಲ್ಲಿ ಕಾಡು ಸುತ್ತಲು ಬರುವವರಿಗೆಲ್ಲ ಕೊಡುವ ಹಾಗೆ, ಗೇಟಿನಲ್ಲಿ ಗಾರ್ಡು ನಮಗೂ ಒಂದೊಂದು ಲವಂಗ ಕೊಟ್ಟ. "ಬಾಯಲ್ಲಿಟ್ಕೊಂಡು ಸುಮ್ನೆ ನಡೀರಿ. ಮಾತಾಡಿದ್ರೆ ಮಂಜು ಹಿಡ್ಕೊಳ್ಳುತ್ತೆ."

ಗೊತ್ತಿರುವ ವಿಷಯವೇ. ಮಂಜಿನಲ್ಲಿ ಆಡಿದ ಮಾತು ಶಿವರಾತ್ರಿಯವರೆಗೂ ಅಲ್ಲೇ ತಂಗಿರುತ್ತದೆ, ಹಾದುಹೋದವರ ಕಿವಿಗೆಲ್ಲ ಬೀಳುತ್ತದೆ.

ನಮ್ಮ ಯಜಮಾನರ ಮೇಲೆ ನನಗೆ ಅನುಮಾನ ಶುರುವಾಗಿದ್ದು ಕೆರೆ ದಾಟಿದ ಮೇಲೆ. ಈ ಕಾಡು ನಮ್ಮಿಬ್ಬರಿಗೂ ಹೊಸದು. ಆದರೂ ಕವಲುದಾರಿಯಲ್ಲಿ ಅವರು ಒಂದಿಷ್ಟೂ ತಡವರಿಸದೆ ಎಡಕ್ಕೆ ತಿರುಗಿದರು. ಗಾಳಿ ಬೀಸುವ ತಿರುವು ಬರುವ ಮೊದಲೇ ಚೀಲದಿಂದ ಶಾಲು ತೆಗೆದು ನನಗೆ ಹೊದಿಸಿದರು. ಬಂಡೆಯ ಹತ್ತಿರ ಮಂಜಿನೊಳಗಿಂದ ಅವರದೇ ದನಿ ಕೇಳಿಸಿತು: "ಕೈ ಕೊಡು, ಇಲ್ಲಿ ಜಾರುತ್ತೆ."

ಅವರ ಬಾಯಿ ಮುಚ್ಚಿಯೇ ಇತ್ತು. ಕೈ ಮಾತ್ರ ನನ್ನ ಕಡೆ ಚಾಚಿತ್ತು.

ನಾನು ಕೈ ಕೊಡಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯ ಯಾವಳನ್ನೋ ಇಲ್ಲಿಗೆ ಕರೆತಂದು, ಅಷ್ಟು ಮೆತ್ತಗೆ ಮಾತಾಡಿಸಿದ್ದಾರೆ! ಮೈಯೆಲ್ಲ ಉರಿದುಹೋಯಿತು. ಲವಂಗ ಉಗಿದು, ಕೇಳಿಯೇಬಿಡೋಣ ಅಂತ ಬಾಯಿ ತೆರೆದೆ.

ಅಷ್ಟರಲ್ಲಿ ಮಂಜೇ ಕೇಳಿತು, ನನ್ನ ದನಿಯಲ್ಲಿ: "ನಿಜ ಹೇಳ್ರೀ, ಇಲ್ಲಿಗೆ ಯಾರನ್ನ ಕರ್ಕೊಂಡು ಬಂದಿದ್ರಿ?"

"ನಿನ್ನನ್ನೇ ಕಣೇ, ನಂಜಮಣಿ," ಅಂದಿತು ಅವರ ದನಿ. "ಹೋದ ವಾರಾನೂ ನಿನ್ನನ್ನೇ."

ಸ್ವಲ್ಪ ಮುಂದೆ, ಬಿದಿರುಮೆಳೆಯ ಹತ್ತಿರ, ಮತ್ತೆ ನನ್ನದೇ ದನಿ ಅದನ್ನೇ ಕೇಳುತ್ತಿತ್ತು. ಅದರಾಚೆ ಇನ್ನೊಂದು ಸಲ.

ಯಜಮಾನರು ಜೇಬಿನಿಂದ ಇನ್ನೊಂದು ಲವಂಗ ತೆಗೆದು ನನ್ನ ಅಂಗೈಗಿಟ್ಟರು. ಅದನ್ನು ಮನೆಯಿಂದಲೇ ತಂದಿದ್ದರು.