‘ಎದ್ದೇಳಿ’ ಕೊಂಡವರು

ಅಂಗಡಿಯ ಕಪಾಟಿನ ಮರೆಯಲ್ಲಿ ನಿಂತು ಮಾಮ ಪೊಲೀಸಪ್ಪನನ್ನೇ ದಿಟ್ಟಿಸುತ್ತಿದ್ದ. ಪೊಲೀಸಪ್ಪ ಅತ್ತಿತ್ತ ನೋಡಿ, ಗಲ್ಲಾದ ಕಡೆ ಬಗ್ಗಿ ಪಿಸುಗುಟ್ಟಿದ.

“ಇನ್ನೊಂದು ಕೊಡಿ ಅಮ್ಮ. ಹಳೇದು ಗೀರು ಬಿದ್ದು ಹಾಳಾಯ್ತು.”

“ಅಷ್ಟೊಂದು ಹಾಕ್ತೀರಾ?” ಎಂದಳು ಅಂಗಡಿಯಮ್ಮ.

“ಹಾಕದೆ ಇರೋಕೆ ಆಗಲ್ಲ. ಹಾಕಿದರೇನೇ ಮನೆ ಮನೆ ಥರ ಇರುತ್ತೆ.”

ಅವನ ಕಣ್ಣು ಕೆಂಡದಂತಿದ್ದವು. ಅಂಗಿಯ ಗುಂಡಿ ಒಂದಕ್ಕೊಂದು ತಾಳೆಯಿರಲಿಲ್ಲ. ಭುಜದ ಮೇಲೆ ಏನೋ ಬೆಳ್ಳಗೆ ಒಣಗಿತ್ತು. ಅಂಗಡಿಯಮ್ಮ ಗಲ್ಲಾದ ಕೆಳಗಿನಿಂದ ‘ಎದ್ದೇಳಿ’ ಆಲ್ಬಮ್ಮಿನ ಡಿಸ್ಕ್ ತೆಗೆದು ಕಾಗದ ಸುತ್ತಿ ಕೊಟ್ಟಳು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಅಂದುಕೊಂಡ ಮಾಮ.

ಈ ಮಾಮ ಒಂದು ಸಂಗೀತ ಕಂಪನಿಯ ಮಾರಾಟದ ಮುಖ್ಯಸ್ಥ. ಯಾವ ರ‍್ಯಾಪ್ ಆಲ್ಬಮ್ ಓಡುತ್ತೆ, ಯಾವುದು ಮುಗ್ಗರಿಸುತ್ತೆ ಎನ್ನುವುದು ಅವನಿಗೆ ಅಂಗೈ ನೆಲ್ಲಿಕಾಯಿ. ನಾಲಿಗೆಗೆ ಅಂಟುವ ಒಂದು ಸಾಲಿರಬೇಕು. ಯಾರಿಗಾದರೂ ಚೆನ್ನಾಗಿ ಬೈದಿರಬೇಕು. ಮುಖ್ಯವಾಗಿ, ಅದನ್ನು ಕೇಳಿದ ತಾಯಂದಿರು ‘ಆರಿಸೋ ಅದನ್ನ’ ಅಂತ ಕಿರುಚಬೇಕು. ತಾಯಿ ಬೇಡವೆಂದ ಆಲ್ಬಮ್ ಸೋತದ್ದೇ ಇಲ್ಲ ಎಂಬುದು ಮಾಮನ ಸಿದ್ಧಾಂತ.

‘ಎದ್ದೇಳಿ’ಯಲ್ಲಿ ಇದ್ಯಾವುದೂ ಇರಲಿಲ್ಲ. ಅದನ್ನು ಹಾಡಿದ್ದು ಮಾಮನ ಅಕ್ಕನ ಮಗ. ತನಗೆ ತಾನೇ ಇಟ್ಟುಕೊಂಡ ಹೆಸರು ಸಿಡಿಲು. ಸಮಾಜವನ್ನು ಬಡಿದೆಬ್ಬಿಸುತ್ತೇನೆಂದು ಹೊರಟ ಹುಡುಗ ಮೊದಲಿನಿಂದ ಕೊನೆಯವರೆಗೆ ಒಂದೇ ಸ್ವರದಲ್ಲಿ ಗುಡುಗಿದ್ದ. ಹಿನ್ನೆಲೆಯಲ್ಲಿ ಒಂದೇ ಸಮನೆ ದಬ್ ದಬ್. ಕಂಪನಿಯ ಯಜಮಾನರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿ, ಕೊನೆಗೆ ಮಾತಿಲ್ಲದೆ ಸಹಿ ಹಾಕಿದ್ದರು. “ತಲ್ಲೀನರಾಗಿಬಿಟ್ಟರು ಮಾಮ,” ಅಂತ ಸಿಡಿಲು ಹಿಗ್ಗಿ ಹೀರೇಕಾಯಿಯಾಗಿದ್ದ.

ಆಲ್ಬಮ್ ಮಕಾಡೆ ಮಲಗಿತು. ಯಾವ ಅಂಗಡಿಯವನೂ ಮತ್ತೆ ಕೇಳಲಿಲ್ಲ. ದೊಡ್ಡಾಸ್ಪತ್ರೆಯ ಹಿಂದಿನ ಓಣಿಯ ಈ ಒಂದು ಅಂಗಡಿ ಮಾತ್ರ ಪೆಟ್ಟಿಗೆಗಟ್ಟಲೆ ತರಿಸಿಕೊಳ್ಳುತ್ತಲೇ ಇತ್ತು. ಯಜಮಾನರ ತಲೆಗೆ ಹುಳ ಹೊಕ್ಕಿತು.

“ಅಳಿಯನ ಮಾನ ಉಳಿಸೋಕೆ ನೀವೇ ಕೊಳ್ತಿದೀರಿ,” ಎಂದರು ಬೆಳಿಗ್ಗೆ. “ಅಲ್ಲ ಅಂತಾದರೆ ಯಾರು ಕೊಳ್ತಿದಾರೆ ಅಂತ ಸಂಜೆಯೊಳಗೆ ಹೇಳಿ. ಇಲ್ಲದಿದ್ದರೆ ನಿಮಗೂ ಕೆಲಸ ಇಲ್ಲ, ಅವನಿಗೂ ಇನ್ನೊಂದು ಆಲ್ಬಮ್ ಇಲ್ಲ.”

ಕೆಲಸ ಹೋದರೆ ಹೋಗಲಿ. ಹುಡುಗನ ಮುಖ ನೋಡುವುದು ಹೇಗೆ? ಮದುವೆಯ ಗೊಡವೆಗೇ ಹೋಗದ ಮಾಮನಿಗೆ ತನ್ನವನು ಅಂತ ಇದ್ದವನು ಅವನೊಬ್ಬನೇ. ಮೀಸೆ ಚಿಗುರುವ ಹೊತ್ತಿಗೆ ಓದಲು ಮಾಮನ ಮನೆಗೆ ಬಂದವನು ಅಲ್ಲೇ ಉಳಿದಿದ್ದ. ಅಲ್ಲಿಯವರೆಗೆ ಆ ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಪೊಲೀಸಪ್ಪ ಹೋದ ಮೇಲೆ ಮಾಮ ಗಿರಾಕಿಯ ಸೋಗಿನಲ್ಲಿ ಗಲ್ಲಾದ ಹತ್ತಿರ ಹೋದ. ಚಿಂತೆಯಿಂದ ಅವನ ಕಣ್ಣೂ ಕೆಂಪಾಗಿದ್ದವು. ಅಂಗಡಿಯಮ್ಮ ಅವನನ್ನೊಮ್ಮೆ ನೋಡಿ, ಕೇಳುವ ಮೊದಲೇ ‘ಎದ್ದೇಳಿ’ ಮುಂದಿಟ್ಟಳು.

“ಮುಖ ನೋಡಿದರೇ ಗೊತ್ತಾಗುತ್ತೆ ಬಿಡಿ. ಮೊದಲನೇದಾ?”

“ಹೂಂ, ಮೊದಲನೇದೇ,” ಎಂದ ಮಾಮ.

ಅವಳು ಅವನ ನರೆತ ಕೂದಲನ್ನೊಮ್ಮೆ ನೋಡಿದಳು. “ಪರವಾಗಿಲ್ಲ, ಎಲ್ಲಕ್ಕೂ ಕಾಲ ಕೂಡಿ ಬರಬೇಕು. ಹೆದರಬೇಡಿ. ಆಸ್ಪತ್ರೆಯ ನರ್ಸಮ್ಮಂದಿರೇ ಎಲ್ಲರಿಗೂ ಹೇಳಿ ಕಳಿಸ್ತಾರೆ.”

ಅಲ್ಲಿಗೆ ಮಾಮನಿಗೆ ಎಲ್ಲ ನಿಚ್ಚಳವಾಯಿತು. ಆಸ್ಪತ್ರೆಯಿಂದ ಕದ್ದ ಅಮಲಿನ ಔಷಧಿ, ಅಕ್ಕನ ಮಗನ ಆಲ್ಬಮ್ಮಿನ ಡಬ್ಬಿಯಲ್ಲಿ. ಓಣಿಯ ಮೂಲೆಗೆ ಹೋಗಿ ಡಬ್ಬಿ ಬಿಚ್ಚಿದ. ಒಳಗೆ ಡಿಸ್ಕು, ಹುಬ್ಬು ಗಂಟಿಕ್ಕಿದ ಸಿಡಿಲಿನ ಫೋಟೋ, ಅಷ್ಟೇ. ಕುಟ್ಟಿ ನೋಡಿದ, ಮೂಸಿ ನೋಡಿದ, ಕೊನೆಗೆ ನಾಲಿಗೆಯನ್ನೂ ಆಡಿಸಿದ. ಬರೀ ಪ್ಲಾಸ್ಟಿಕ್ಕು.

ಅಷ್ಟರಲ್ಲಿ ಅಂಗಡಿಯಿಂದ ಒಬ್ಬ ಹೆಂಗಸು ಹೊರಬಂದಳು. ತಲೆ ಬಾಚಿರಲಿಲ್ಲ, ಎರಡು ಕಾಲಿಗೆ ಎರಡು ಜೊತೆಯ ಚಪ್ಪಲಿ. ಫೋನಿನಲ್ಲಿ ಹೇಳುತ್ತಿದ್ದಳು: “ಸಿಕ್ಕಿತು ಅತ್ತೆ. ಒಂದು ಹಾಡು ಮುಗಿಯೋದರೊಳಗೆ ತಣ್ಣಗಾಗ್ತಾನಂತೆ. ಬಂದೆ, ಅಲ್ಲೀವರೆಗೆ ಗಟ್ಟಿಯಾಗಿ ಹಿಡ್ಕೊಂಡಿರಿ.”

ಅತ್ತೆ ಸೊಸೆ ಸೇರಿಕೊಂಡು ಯಾರನ್ನು ತಣ್ಣಗೆ ಮಾಡುತ್ತಾರಪ್ಪ? ಪಾಪ, ಆ ಗಂಡ. ಮಾಮ ಅವಳ ಬೆನ್ನು ಹತ್ತಿದ. ಎರಡು ತಿರುವು ದಾಟಿ ಅವಳು ಒಂದು ಮನೆಯೊಳಗೆ ಓಡಿದಳು. ಒಳಗೆ ಭಾರೀ ರಂಪ ನಡೆದಿತ್ತು, ಏನೋ ಉರುಳಿದ ಸದ್ದೂ ಕೇಳಿಸಿತು. ಮರುಕ್ಷಣವೇ ಸಿಡಿಲಿನ ದನಿ ಗುಡುಗಿತು: ಎದ್ದೇಳಿ, ಎದ್ದೇಳಿ, ಮಲಗಿದ ಮಂದಿಯೇ ಎದ್ದೇಳಿ.

ರಂಪ ಇಳಿಯಿತು. ಆಮೇಲೆ ಹಾಡೂ ನಿಂತಿತು. ಸದ್ದಿಲ್ಲ.

ಒಂದು ಜೀವ ಹೋಯಿತೆಂದು ಮಾಮ ಬಾಗಿಲು ತಳ್ಳಿಕೊಂಡು ನುಗ್ಗಿದ. ಹೆಂಗಸು ತುಟಿಯ ಮೇಲೆ ಬೆರಳಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗು. ಅತ್ತೆ ಗೋಡೆಗೊರಗಿ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದಳು. ಗಂಡ ಗಟ್ಟಿಮುಟ್ಟಾಗಿಯೇ ಇದ್ದ, ತುದಿಗಾಲಲ್ಲಿ ಕಿಟಕಿ ಮುಚ್ಚುತ್ತಿದ್ದ. ಹೆಂಗಸು ಮೂಲೆಯ ಕಡೆ ಕೈ ತೋರಿಸಿದಳು. ಅತ್ತ ನೋಡಿದ ಮಾಮ ಮೆಲ್ಲಗೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ.

ಜೇಬಿನಲ್ಲಿ ಫೋನು ಅದುರಿತು. ಸಿಡಿಲು.

“ಮಾಮ, ಯಾರು ಕೊಳ್ತಿರೋದು ಅಂತ ಗೊತ್ತಾಯ್ತಾ? ನನ್ನ ಹಾಡು ಕೇಳಿ ಒಬ್ಬನಾದರೂ ಎದ್ದನಾ?”

“ಇನ್ನೊಂದಲ್ಲ, ಹತ್ತು ಆಲ್ಬಮ್ ಮಾಡೋಣ,” ಎಂದ ಮಾಮ ಉಸಿರಿನಲ್ಲೇ, “ಈಗ ಮಾತ್ರ ಮೆಲ್ಲಗೆ ಮಾತಾಡೋ ಮಗಾ, ನಿನ್ನ ಅಭಿಮಾನಿ ತೊಟ್ಟಿಲಲ್ಲಿ ಈಗ ತಾನೇ ನಿದ್ದೆ ಹೋಗಿದಾನೆ.”